ಪರದೇಶಿಯ ದಾವೆ

ಕನ್ನಡದಲ್ಲಿ ‘ಪರದೇಶಿ’ ಎಂಬ ಮಾತಿಗೆ ಎರಡು ಅರ್ಥಗಳುಂಟು. ಬೇರೆ ನಾಡಿನವನು ಎಂಬುದು ಒಂದು. ದಿಕ್ಕಿಲ್ಲದವನು, ಕೇಳುವವರಿಲ್ಲದವನು ಎಂಬುದು ಇನ್ನೊಂದು. ನಮ್ಮ ಸುತ್ತಲಿನ ತಮಿಳರು ಆಡುವ ‘ಪರದೇಸಿ’ಯೂ ಹಾಗೆಯೇ. ಈ ಎರಡು ಅರ್ಥಗಳು ಒಂದೇ ಪದದೊಳಗೆ ಹೇಗೆ ಕೂಡಿಕೊಂಡವೆಂಬುದನ್ನು ಭಾಷಾಪಂಡಿತರು ವಿವರಿಸಬೇಕು. ಆದರೆ ನ್ಯಾಯಾಸ್ಥಾನಗಳ ಚರಿತ್ರೆಯನ್ನು ಸ್ವಲ್ಪ ಓದಿ ನೋಡಿದವರಿಗೆ, ಬಹುಕಾಲದವರೆಗೆ ಇವೆರಡೂ ನಿಜವಾಗಿಯೇ ಒಂದಾಗಿದ್ದುವೆಂದು ತೋರದೆ ಇರದು.

ಕಂಬಂ ಕಣಿವೆಯ ಕನ್ನಡಿಗರಾದ ನಾವೂ ಬಂದವರೇ. 1906ರಲ್ಲಿ ಫ್ರಾನ್ಸಿಸ್ ಎಂಬ ಅಧಿಕಾರಿಯು ಬರೆದ ಮಧುರೆ ಜಿಲ್ಲೆಯ ಗ್ಯಾಸೆಟಿಯರಿನಲ್ಲಿ ಈ ಕಣಿವೆಯ ಕಪ್ಪಿಲಿಯರೂ ಅನುಪ್ಪರೂ ಕನ್ನಡ ನುಡಿಯುವ ಒಕ್ಕಲು ಮಕ್ಕಳೆಂದು ದಾಖಲಾಗಿದೆ. ನಮ್ಮ ಹಿರಿಯರು ಉತ್ತರದಿಂದ ಇಳಿದು ಬಂದ ಕಾಲದಲ್ಲಿ ರಹದಾರಿಯನ್ನು ತೋರಿಸೆಂದು ಕೇಳಿದವರಿಲ್ಲ; ಭೂಮಿಯನ್ನು ಹಸನು ಮಾಡಿದರು, ಉಳಿದರು. ಇಂದು ಹಾಗಲ್ಲ. ಇಂದು ಗಡಿಯನ್ನು ದಾಟಿದವನ ಕೈಯಲ್ಲಿ ಕಾಗದವಿರಬೇಕು; ಕಾಗದವಿದ್ದರೂ ಸರಕಾರವು ಅದನ್ನು ರದ್ದುಗೊಳಿಸಬಹುದು; ರದ್ದಾದ ಕ್ಷಣದಿಂದ ಆತನನ್ನು ಹಿಡಿದಿಡಬಹುದು. ಹೀಗೆ ಹಿಡಿದಿಟ್ಟದ್ದು ಕಾನೂನಿಗೆ ವಿರೋಧವೆಂದು ಆಮೇಲೆ ಸಿದ್ಧವಾದರೆ, ಕಳೆದುಹೋದ ದಿನಗಳಿಗೆ ಬೆಲೆ ಕಟ್ಟಿ ಕೊಡೆಂದು ಆ ಪರದೇಶಿಯು ಸರಕಾರದ ಮೇಲೆ ದಾವೆ ಹೂಡಬಹುದೇ? ಈ ಪ್ರಶ್ನೆಗೆ ಹೌದೆಂಬ ಉತ್ತರವನ್ನು ಪಡೆದವರಲ್ಲಿ ನಮಗೆ ಹತ್ತಿರದವರೊಬ್ಬರಿದ್ದಾರೆ. ಅವರು ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆಯಲ್ಲಿ ಹುಟ್ಟಿದ ವೈದ್ಯ ಮೊಹಮದ್ ಹನೀಫರು.

ಮೂಡಿಗೆರೆಯೆಂದೊಡನೆ ಕನ್ನಡ ವಾಚಕರಿಗೆ ಪೂರ್ಣಚಂದ್ರ ತೇಜಸ್ವಿಯವರ ನೆನಪಾಗುವುದು ಸಹಜ. ಅವರು 2007ರ ಏಪ್ರಿಲ್ ತಿಂಗಳಲ್ಲಿ ತೀರಿಕೊಂಡರು. ಮೂರು ತಿಂಗಳು ಕಳೆಯುವುದರೊಳಗೆ ಅದೇ ಮಲೆನಾಡ ಊರಿನ ಹೆಸರು ತೀರ ಬೇರೆ ಕಾರಣಕ್ಕಾಗಿ ಲೋಕದ ಪತ್ರಿಕೆಗಳಲ್ಲೆಲ್ಲ ಕಾಣಿಸಿಕೊಂಡಿತು.

ಹನೀಫರು ಬೆಂಗಳೂರಿನ ಅಂಬೇಡ್ಕರ್ ವೈದ್ಯಕೀಯ ಕಾಲೇಜಿನಲ್ಲಿ ಓದಿ, ಇಂಗ್ಲೆಂಡಿನಲ್ಲಿ ಕೆಲಕಾಲ ದುಡಿದು, 2006ರಲ್ಲಿ ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ಪ್ರಾಂತದ ಗೋಲ್ಡ್ ಕೋಸ್ಟ್ ಆಸ್ಪತ್ರೆಗೆ ಕೆಲಸಕ್ಕೆ ಹೋದರು. ಲಿವರ್‌ಪೂಲನ್ನು ಬಿಡುವಾಗ, ತನಗಿನ್ನು ಬೇಡವಾದ ಟೆಲಿಫೋನಿನ ಸಿಮ್ ಕಾರ್ಡೊಂದನ್ನು ಅಲ್ಲಿದ್ದ ದಾಯಾದಿಗೆ ಕೊಟ್ಟರು. ಮನೆ ಬದಲಾಯಿಸುವವರು ಉಳಿದ ಸಾಮಾನನ್ನು ಹತ್ತಿರದವರಿಗೆ ಕೊಟ್ಟು ಹೋಗುವುದು ನಮ್ಮಲ್ಲೆಲ್ಲ ಇರುವ ವಾಡಿಕೆಯೇ. 2007ರ ಜೂನ್ 30ರಂದು ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಮಾನನಿಲ್ದಾಣಕ್ಕೆ ಉರಿಯುವ ಜೀಪೊಂದನ್ನು ನುಗ್ಗಿಸಿದವನು ಆ ದಾಯಾದಿಯ ಅಣ್ಣನಾಗಿದ್ದನು. ಎರಡು ದಿನಗಳ ತರುವಾಯ, ಜುಲೈ 2ರಂದು, ಬೆಂಗಳೂರಿನಲ್ಲಿ ಆಗತಾನೆ ಹುಟ್ಟಿದ್ದ ಮಗಳನ್ನು ನೋಡಲೆಂದು ಹೊರಟಿದ್ದ ಹನೀಫರನ್ನು ಬ್ರಿಸ್ಬೇನ್ ವಿಮಾನನಿಲ್ದಾಣದಲ್ಲಿ ಪೋಲೀಸರು ಹಿಡಿದರು. ಕೈಯಲ್ಲಿದ್ದುದು ಹೋಗುವ ಟಿಕೆಟ್ಟು ಮಾತ್ರ, ಮರಳಿ ಬರುವ ಟಿಕೆಟ್ಟಿರಲಿಲ್ಲ ಎಂಬುದೂ ಸಂಶಯಕ್ಕೆ ಒಂದು ಕಾರಣವಾಯಿತು.

ಆರೋಪವೇ ಇಲ್ಲದೆ ಹನ್ನೆರಡು ದಿನ ಅವರನ್ನು ಇಟ್ಟುಕೊಂಡರು. ಅಲ್ಲಿನ ಕಾಯಿದೆಯಲ್ಲಿ ಪ್ರಶ್ನೆ ಕೇಳುವ ಕಾಲಕ್ಕೆ ಮಿತಿಯೇನೋ ಇತ್ತು. ಆದರೆ ಪೋಲೀಸರು ವಿಚಾರಣೆಯನ್ನು ನಿಲ್ಲಿಸಿ ಬೇರೆ ಕೆಲಸ ಮಾಡುತ್ತಿದ್ದ ಗಂಟೆಗಳನ್ನು ಲೆಕ್ಕದಿಂದ ಬಿಡಲು ಅವಕಾಶವೂ ಇತ್ತು. ಗಡಿಯಾರವನ್ನು ನಿಲ್ಲಿಸಿ ದಿನವನ್ನು ಉದ್ದ ಮಾಡುವ ಉಪಾಯವಿದು. ಜುಲೈ 14ರಂದು, ಭಯೋತ್ಪಾದಕರಿಗೆ ಅಜಾಗರೂಕತೆಯಿಂದ ನೆರವಿತ್ತರೆಂಬ ಆರೋಪವನ್ನು ಹೊರಿಸಿದರು. ಆ ಸಿಮ್ ಕಾರ್ಡು ಉರಿದ ಜೀಪಿನಲ್ಲಿ ಸಿಕ್ಕಿತೆಂದು ಸರಕಾರದ ವಕೀಲರು ನ್ಯಾಯಾಸ್ಥಾನದಲ್ಲಿ ಹೇಳಿದರು. ವಾಸ್ತವದಲ್ಲಿ ಅದು ಗ್ಲಾಸ್ಗೋವಿನಿಂದ ಬಹುದೂರದ ಲಿವರ್‌ಪೂಲಿನಲ್ಲಿ, ಅವರು ಕೊಟ್ಟಿದ್ದ ದಾಯಾದಿಯ ಬಳಿಯೇ ಇತ್ತು.

ಇನ್ನು ಈ ಕಥೆಯ ಮುಖ್ಯಸ್ಥಾನಕ್ಕೆ ಬರೋಣ. ಜುಲೈ 16ರಂದು ಬ್ರಿಸ್ಬೇನಿನ ಮ್ಯಾಜಿಸ್ಟ್ರೇಟರು ಹತ್ತು ಸಾವಿರ ಡಾಲರುಗಳ ಜಾಮೀನಿನ ಮೇಲೆ ಹನೀಫರನ್ನು ಬಿಡಲು ಒಪ್ಪಿದರು. ಕೆಲವೇ ಗಂಟೆಗಳೊಳಗೆ ವಲಸೆ ಖಾತೆಯ ಮಂತ್ರಿ ಕೆವಿನ್ ಆಂಡ್ರ್ಯೂಸರು, ಶೀಲದ ಕಾರಣವನ್ನೊಡ್ಡಿ, ಅವರ ವೀಸಾವನ್ನು ರದ್ದುಪಡಿಸಿದರು. ಅಪರಾಧದ ಕಾನೂನು ಒಂದು ಬಾಗಿಲನ್ನು ತೆರೆಯಿತು. ವಲಸೆಯ ಕಾನೂನು ಅದರ ಎದುರಿಗೇ ಇನ್ನೊಂದು ಬಾಗಿಲನ್ನು ಮುಚ್ಚಿತು. ಜಾಮೀನು ಕಟ್ಟಿ ಹೊರಬಂದರೆ ದೂರದ ವಲಸೆ ಬಂದೀಖಾನೆಗೆ ಹೋಗಬೇಕಾಗುತ್ತಿದ್ದುದರಿಂದ, ಜಾಮೀನನ್ನೇ ಕಟ್ಟದೆ ಬ್ರಿಸ್ಬೇನಿನ ಸೆರೆಮನೆಯಲ್ಲಿ ಉಳಿಯುವುದೇ ಲೇಸೆಂದು ಅವರು ನಿಶ್ಚಯಿಸಬೇಕಾಯಿತು. ಅವರ ವಕೀಲರಾದ ಸ್ಟೀಫನ್ ಕೀಮರು ಪೋಲೀಸು ವಿಚಾರಣೆಯ 142 ಪುಟಗಳ ಬರಹವನ್ನು ಪತ್ರಿಕೆಗೆ ಕೊಟ್ಟುಬಿಟ್ಟರು. ಅದನ್ನು ಓದಿದ ಜನಕ್ಕೆ ಆರೋಪದ ಟೊಳ್ಳು ತಿಳಿಯಿತು. ಜುಲೈ 27ರಂದು ಆರೋಪವನ್ನು ಹಿಂತೆಗೆದುಕೊಳ್ಳಲಾಯಿತು. ಎರಡು ದಿನಗಳಲ್ಲಿ ಹನೀಫರು ಬೆಂಗಳೂರಿನಲ್ಲಿದ್ದರು.

ಆದರೆ ವೀಸಾ ರದ್ದಾದದ್ದು ರದ್ದಾಗಿಯೇ ಉಳಿಯಿತು. ಅದನ್ನು ಪ್ರಶ್ನಿಸಿದ ಮೊಕದ್ದಮೆಯಲ್ಲಿ, ಆಗಸ್ಟ್ 21ರಂದು, ಫೆಡರಲ್ ನ್ಯಾಯಾಲಯದ ನ್ಯಾಯಮೂರ್ತಿ ಸ್ಪೆಂಡರರು ಮಂತ್ರಿಯ ಆಜ್ಞೆಯನ್ನು ತಳ್ಳಿಹಾಕಿದರು. ಕಾಯಿದೆಯಲ್ಲಿರುವ ‘ಸಹವಾಸ’ ಎಂಬ ಮಾತನ್ನು ಮಂತ್ರಿಗಳು ತಪ್ಪಾಗಿ ತಿಳಿದರು. ಬರಿಯ ರಕ್ತಸಂಬಂಧವೂ ನಿರಪರಾಧಿಯ ಒಡನಾಟವೂ ಆ ಮಾತಿನೊಳಗೆ ಸೇರವೆಂಬುದು ಆ ತೀರ್ಪಿನ ತಾತ್ಪರ್ಯ. ಅದೇ ಡಿಸೆಂಬರಿನಲ್ಲಿ ಮೇಲಿನ ಪೀಠವೂ ಇದನ್ನೇ ಎತ್ತಿಹಿಡಿಯಿತು. ಒಂದು ಪದದ ಅರ್ಥದ ಮೇಲೆ ಒಬ್ಬ ಮನುಷ್ಯನ ಸ್ವಾತಂತ್ರ್ಯ ನಿಂತಿತ್ತೆಂಬುದನ್ನು ವ್ಯಾಕರಣ ಕಲಿಸುವ ನನ್ನಂಥವರು ಮರೆಯಲಾಗದು. ಮುಂದೆ ನಿವೃತ್ತ ನ್ಯಾಯಾಧೀಶ ಜಾನ್ ಕ್ಲಾರ್ಕರು ನಡೆಸಿದ ವಿಚಾರಣೆಯ ವರದಿಯು 2008ರ ಡಿಸೆಂಬರಿನಲ್ಲಿ ಪ್ರಕಟವಾಗಿ, ಆರೋಪ ಹೊರಿಸಲು ಸಾಕ್ಷ್ಯವೇ ಇರಲಿಲ್ಲವೆಂದು ಸ್ಪಷ್ಟಪಡಿಸಿತು. ಈ ತನಿಖೆಗಾಗಿ ಆಸ್ಟ್ರೇಲಿಯದ ಪೋಲೀಸರು ಖರ್ಚು ಮಾಡಿದ್ದು 80 ಲಕ್ಷ ಡಾಲರುಗಳಿಗೂ ಮೇಲೆ. 2010ರ ಡಿಸೆಂಬರಿನಲ್ಲಿ ಬ್ರಿಸ್ಬೇನಿನಲ್ಲಿ ಎರಡು ಕಡೆಯವರೂ ಕುಳಿತು ಮಾತಾಡಿ ರಾಜಿಯಾದರು. ಆಸ್ಟ್ರೇಲಿಯ ಸರಕಾರವು ಹನೀಫರಿಗೆ ಪರಿಹಾರಧನವನ್ನು ತೆತ್ತಿತು. ಮೊತ್ತವೆಷ್ಟೆಂಬುದನ್ನು ಗುಟ್ಟಾಗಿಡಲು ಒಪ್ಪಂದವಾಗಿತ್ತು.

ತೀರ್ಪಿಲ್ಲದೆ ರಾಜಿಯೇಕೆ? ನನ್ನ ಊಹೆಯಂತೆ ಇದಕ್ಕೆ ಹಿಂದಿನ ಒಂದು ಮೊಕದ್ದಮೆಯ ನೆರಳು ಕಾರಣವಾಗಿರಬೇಕು. ಬಾಲ್ಯದಲ್ಲೇ ಬ್ರಿಟನ್ನಿನಿಂದ ಆಸ್ಟ್ರೇಲಿಯಕ್ಕೆ ಹೋಗಿ ನೆಲೆಸಿದ್ದ ಒಬ್ಬಾತನ ವೀಸಾವನ್ನು ಮಂತ್ರಿಗಳು ಎರಡು ಬಾರಿ ರದ್ದುಮಾಡಿ, ಒಟ್ಟು 316 ದಿನ ಕೂಡಿಹಾಕಿದ್ದರು. ಎರಡು ಆಜ್ಞೆಗಳೂ ಬಿದ್ದುಹೋದುವು. ಕೆಳಗಿನ ನ್ಯಾಯಾಲಯವು 1,16,000 ಡಾಲರುಗಳ ಪರಿಹಾರವನ್ನು ವಿಧಿಸಿತು. ಆದರೆ 2005ರಲ್ಲಿ ಆ ದೇಶದ ಅತ್ಯುಚ್ಚ ನ್ಯಾಯಾಲಯವು ಅದನ್ನು ಅಳಿಸಿಹಾಕಿತು. ಆಜ್ಞೆ ತಪ್ಪಿದ್ದರೇನು, ಹಿಡಿದ ಅಧಿಕಾರಿಗೆ ಆಗ ಸಕಾರಣವಾದ ಸಂಶಯವಿತ್ತಲ್ಲ, ಅಷ್ಟು ಸಾಕು ಎಂಬುದು ಬಹುಮತದ ವಾದ. ಇಂಗ್ಲೆಂಡಿನಲ್ಲಿಯೂ ಇಂಥದೇ ವಿಚಿತ್ರ ನಡೆದಿದೆ. ಗಡೀಪಾರಿಗಾಗಿ ಒಬ್ಬನನ್ನು ತಕ್ಕಷ್ಟು ಕಾಲ ಮಾತ್ರ, ಅದೇ ಉದ್ದೇಶಕ್ಕೆ ಮಾತ್ರ ಇಟ್ಟುಕೊಳ್ಳಬಹುದೆಂಬ ನಿಯಮವು ಅಲ್ಲಿ ಬೇರೂರಿದ್ದು 1983ರಲ್ಲಿ ದುರಮ್ ಸೆರೆಮನೆಯಲ್ಲಿದ್ದ ಹರ್‌ದಯಾಲ್ ಸಿಂಗ್ ಎಂಬ ಭಾರತೀಯನ ಮೊಕದ್ದಮೆಯಿಂದ. ಆದರೆ 2011ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ಇಬ್ಬರು ಪರದೇಶೀಯರ ಬಂಧನವನ್ನು ಅಕ್ರಮವೆಂದು ಸಾರಿಯೂ, ಸಕ್ರಮವಾಗಿ ನಡೆದಿದ್ದರೂ ಅವರು ಒಳಗೇ ಇರುತ್ತಿದ್ದರೆಂದು ಹೇಳಿ, ಪರಿಹಾರವಾಗಿ ತಲೆಗೆ ಒಂದೊಂದು ಪೌಂಡನ್ನು ಕೊಡಿಸಿತು!

ದೂರದ ಮಾತು ಸಾಕು. ತೇನಿಯಲ್ಲೋ ದಿಂಡಿಗಲ್ಲಿನಲ್ಲೋ ಒಬ್ಬನನ್ನು ಹೀಗೆ ಹಿಡಿದಿಟ್ಟರೆ ಆತನಿಗೆ ಯಾವ ದಾರಿಯಿದೆ? ಇದನ್ನು ತಿಳಿಯಲು ಒಂದು ಕುದುರೆಯಿಂದ ಆರಂಭಿಸಬೇಕಾಗಿದೆ.

ಕಲ್ಕತ್ತೆಯ ಕಿದ್ದರ್‌ಪುರದ ಸರಕಾರೀ ಹಡಗುಕಟ್ಟೆಯಲ್ಲಿ ಕೂಲಿಯಾಳುಗಳು ದೊಡ್ಡದೊಂದು ಕಬ್ಬಿಣದ ತುಂಡನ್ನು ಹೊತ್ತು ದಾರಿಗಡ್ಡವಾಗಿ ಸಾಗುತ್ತಿದ್ದರು. ಹಡಗು ಕಂಪನಿಯೊಂದರ ಸಾರೋಟು ಬಂತು. ಆಳುಗಳು ಗಾಬರಿಯಿಂದ ಕಬ್ಬಿಣವನ್ನು ಕೆಳಗೆ ಹಾಕಿದರು. ಸದ್ದಿಗೆ ಬೆದರಿದ ಕುದುರೆಗೆ ಪೆಟ್ಟಾಯಿತು. ಕಂಪನಿಯು 350 ರೂಪಾಯಿಗೆ ದಾವೆ ಹೂಡಿತು. 1861ರಲ್ಲಿ ಮುಖ್ಯ ನ್ಯಾಯಾಧೀಶ ಬಾರ್ನ್ಸ್ ಪೀಕಾಕರು ಕೊಟ್ಟ ತೀರ್ಪು ನೂರು ವರ್ಷಕ್ಕೂ ಮೇಲೆ ಭಾರತದ ಸರಕಾರಕ್ಕೆ ಕವಚವಾಯಿತು. ಸರಕಾರವು ವ್ಯಾಪಾರಿಯಂತೆ ಮಾಡುವ ಕೆಲಸದಲ್ಲಿ ಹಾನಿಯಾದರೆ ತೆರಬೇಕು. ದೊರೆಯಂತೆ ಮಾಡುವ ಕೆಲಸದಲ್ಲಿ ತೆರಬೇಕಾಗಿಲ್ಲ ಎಂಬ ಭೇದ ಅಲ್ಲಿಂದ ಹುಟ್ಟಿತು. ಹಡಗುಕಟ್ಟೆ ವ್ಯಾಪಾರದ್ದು, ಆದ್ದರಿಂದ ಕುದುರೆ ಗೆದ್ದಿತು. ಹಿಡಿಯುವುದು, ಕಟ್ಟುವುದು, ಸೆರೆಯಲ್ಲಿಡುವುದು ದೊರೆಯ ಕೆಲಸ.

ನಮ್ಮ ಮದರಾಸು ಹೈಕೋರ್ಟು ಇದಕ್ಕೆ ತಲೆಬಾಗಲಿಲ್ಲವೆಂಬುದು ಹೆಮ್ಮೆಯ ಸಂಗತಿ. 1882ರಲ್ಲಿ ಹರಿ ಭಾಂಜಿ ಎಂಬ ವರ್ತಕನ ಉಪ್ಪಿನ ಸುಂಕದ ಮೊಕದ್ದಮೆಯಲ್ಲಿ, ದೇಶದ ಕಾನೂನಿನ ಹೆಸರಿನಲ್ಲಿಯೇ ಸರಕಾರವು ಮಾಡಿದ ಕೆಲಸವನ್ನು ನ್ಯಾಯಾಸ್ಥಾನವು ಪರೀಕ್ಷಿಸಬಹುದು, ದೊರೆತನದ ನೆಪ ಸಾಲದು ಎಂದು ಅದು ತೀರ್ಮಾನಿಸಿತು. ಸ್ವಾತಂತ್ರ್ಯಾನಂತರ 1956ರಲ್ಲಿ ಕಾನೂನು ಆಯೋಗವು ತನ್ನ ಮೊತ್ತಮೊದಲ ವರದಿಯನ್ನೇ ಈ ವಿಷಯಕ್ಕೆ ಮೀಸಲಿಟ್ಟು, ಸರಕಾರದ ಹೊಣೆಯನ್ನು ಒಂದು ಕಾಯಿದೆಯಲ್ಲಿ ಬರೆದಿಡಬೇಕೆಂದಿತು. ಮಸೂದೆಯೂ ಸಂಸತ್ತಿನ ಮುಂದೆ ಬಂತು, ಕಾಯಿದೆಯಾಗದೆಯೇ ಬಿದ್ದುಹೋಯಿತು. ಅಂಥ ಕಾಯಿದೆ ಈವರೆಗೆ ಹುಟ್ಟಿಲ್ಲ. ಅಷ್ಟರಲ್ಲಿ, 1964ರ ಸೆಪ್ಟೆಂಬರಿನಲ್ಲಿ, ಸರ್ವೋಚ್ಚ ನ್ಯಾಯಾಲಯವು ಕಸ್ತೂರಿಲಾಲರ ಮೊಕದ್ದಮೆಯನ್ನು ತೀರ್ಮಾನಿಸಿತು. 1947ರಲ್ಲಿ ಮೀರತ್ತಿನ ಪೋಲೀಸರು ವ್ಯಾಪಾರಿಯೊಬ್ಬನನ್ನು ಸಂಶಯದ ಮೇಲೆ ಹಿಡಿದು, ಆತನಲ್ಲಿದ್ದ ನೂರು ತೊಲಕ್ಕೂ ಮೀರಿದ ಬಂಗಾರವನ್ನು ಠಾಣೆಯಲ್ಲಿಟ್ಟರು. ಠಾಣೆಯ ಹೆಡ್ ಕಾನ್‌ಸ್ಟೇಬಲನು ಅದನ್ನೆತ್ತಿಕೊಂಡು ಪಾಕಿಸ್ತಾನಕ್ಕೆ ಓಡಿಹೋದನು. ಹೆಸರಿನಲ್ಲೇ ನಮ್ಮ ಗಜೇಂದ್ರಗಡವನ್ನು ಹೊತ್ತಿದ್ದ ಮುಖ್ಯ ನ್ಯಾಯಾಧೀಶ ಗಜೇಂದ್ರಗಡ್ಕರರು, ಹಿಡಿಯುವುದು ದೊರೆತನದ ಕೆಲಸವಾದ್ದರಿಂದ ಸರಕಾರವು ತೆರಬೇಕಾಗಿಲ್ಲವೆಂದರು. ಈ ಸ್ಥಿತಿ ತೃಪ್ತಿಕರವಲ್ಲ, ಶಾಸನಸಭೆ ಇದನ್ನು ಸರಿಪಡಿಸಲಿ ಎಂಬ ಮಾತನ್ನೂ ಸೇರಿಸಿದರು. ಕುದುರೆಗೆ ಸಿಕ್ಕಿದ ನ್ಯಾಯ ಮನುಷ್ಯನಿಗೆ ಸಿಗಲಿಲ್ಲ.

ಈ ಗೋಡೆ ಬಿರುಕುಬಿಟ್ಟದ್ದು ಬಿಹಾರದ ರುದುಲ್ ಸಾಹ ಎಂಬ ಬಡಪಾಯಿಯಿಂದ. ಮುಜಫರಪುರದ ಸೆಷನ್ಸ್ ನ್ಯಾಯಾಲಯವು 1968ರ ಜೂನ್ 3ರಂದು ಆತನನ್ನು ನಿರ್ದೋಷಿಯೆಂದು ಬಿಡುಗಡೆ ಮಾಡಿತ್ತು. ಸೆರೆಮನೆಯಿಂದ ಆತನು ಹೊರಬಂದದ್ದು 1982ರ ಅಕ್ಟೋಬರ್ 16ರಂದು. ಹುಚ್ಚು ಹಿಡಿದಿತ್ತೆಂದು ಸರಕಾರವು ಸಬೂಬು ಹೇಳಿತು. 1983ರ ಆಗಸ್ಟಿನಲ್ಲಿ ಮುಖ್ಯ ನ್ಯಾಯಾಧೀಶ ಚಂದ್ರಚೂಡರು ರಿಟ್ ಅರ್ಜಿಯಲ್ಲಿಯೇ 30,000 ರೂಪಾಯಿಗಳನ್ನು ಕೊಡಿಸಿದರು. ಮೊದಲೇ ಕೊಟ್ಟಿದ್ದ 5,000 ಸೇರಿ 35,000. ಹೆಚ್ಚಿನದಕ್ಕೆ ಬೇರೆ ದಾವೆ ಹೂಡುವ ಹಕ್ಕನ್ನೂ ಉಳಿಸಿದರು. ನಾಲ್ಕನೆಯ ತರಗತಿಯ ಮಕ್ಕಳಿಗೆ ಕೊಡುವ ಲೆಕ್ಕದಂತೆ ಇದನ್ನು ಮಾಡಿ ನೋಡಿದೆ: 5,248 ದಿನ, ದಿನಕ್ಕೆ ಏಳು ರೂಪಾಯಿಯೂ ಆಗುವುದಿಲ್ಲ. ಮೊತ್ತ ಅಲ್ಪವೆಂದು ಹೇಳುವುದು ಸುಲಭ. ಆದರೆ ದೊರೆತನದ ಕವಚವನ್ನು ಸರಿಸಿ, ಸೆರೆಯ ದಿನಕ್ಕೆ ಬೆಲೆಯುಂಟೆಂದು ಈ ದೇಶದ ಸರ್ವೋಚ್ಚ ನ್ಯಾಯಾಲಯವು ಬರೆದದ್ದು ಇದೇ ಮೊದಲು. 1993ರಲ್ಲಿ ಒರಿಸ್ಸದ ನೀಲಾವತಿ ಬೆಹೆರಾ ಎಂಬ ತಾಯಿಯ ಮೊಕದ್ದಮೆಯಲ್ಲಿ ಆ ಮಾತು ಸಿದ್ಧಾಂತವಾಯಿತು: ಮೂಲಭೂತ ಹಕ್ಕಿಗೆ ಭಂಗ ಬಂದಾಗ ಸಾರ್ವಭೌಮತ್ವದ ನೆಪ ನಡೆಯದು. 1979ರಲ್ಲಿ ಪೌರ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಗೆ ಸೇರುವಾಗ ಭಾರತ ಸರಕಾರವು, ಅಕ್ರಮ ಬಂಧನಕ್ಕೆ ಪರಿಹಾರ ಕೇಳುವ ಹಕ್ಕು ನಮ್ಮ ಕಾನೂನಿನಲ್ಲಿಲ್ಲವೆಂದು ಬರೆದುಕೊಟ್ಟಿತ್ತು. ಸರಕಾರವು ಇಲ್ಲವೆಂದುದನ್ನು ನ್ಯಾಯಾಧೀಶರು ಉಂಟುಮಾಡಿದರು.

ಇವೆಲ್ಲ ಪ್ರಜೆಗಳ ಮಾತಾಯಿತು. ಪರದೇಶಿಯ ಸರದಿ ಬಂದದ್ದು 2000ದ ಜನವರಿಯಲ್ಲಿ. ಹೌರಾ ರೈಲ್ವೆ ನಿಲ್ದಾಣದ ಯಾತ್ರಿನಿವಾಸದಲ್ಲಿ ರೈಲ್ವೆ ನೌಕರರ ಅತ್ಯಾಚಾರಕ್ಕೆ ಗುರಿಯಾದ ಬಾಂಗ್ಲಾದೇಶದ ಹೆಣ್ಣುಮಗಳೊಬ್ಬಳಿಗೆ ಹತ್ತು ಲಕ್ಷ ರೂಪಾಯಿ ಕೊಡಬೇಕೆಂಬ ಆಜ್ಞೆಯನ್ನು ಸರ್ವೋಚ್ಚ ನ್ಯಾಯಾಲಯವು ಸ್ಥಿರಪಡಿಸಿತು. ಸಂವಿಧಾನದ 21ನೆಯ ವಿಧಿಯು ‘ಪ್ರಜೆ’ ಎನ್ನುವುದಿಲ್ಲ, ‘ವ್ಯಕ್ತಿ’ ಎನ್ನುತ್ತದೆ. ಆದ್ದರಿಂದ ಜೀವ ಮತ್ತು ಸ್ವಾತಂತ್ರ್ಯದ ರಕ್ಷಣೆ ಈ ನೆಲದ ಮೇಲಿರುವ ಪರದೇಶೀಯರಿಗೂ ಉಂಟು. ಇಲ್ಲಿಯೂ ಒಂದು ಪದವೇ ಕೈಹಿಡಿಯಿತು.

ಹಾಗಾದರೆ ಎಲ್ಲವೂ ನೇರವಾಯಿತೆಂದು ಹೇಳಬಹುದೇ? ನಮ್ಮ ಸುತ್ತಲಿನ ಸಂಗತಿಯನ್ನೇ ನೋಡಬೇಕು. 1983ರ ಜುಲೈ ತಿಂಗಳಿಂದ ಲಂಕೆಯ ತಮಿಳರು ಕಡಲು ದಾಟಿ ಬಂದರು. 2021ರಲ್ಲಿ ತಮಿಳುನಾಡಿನ ನೂರಕ್ಕೂ ಹೆಚ್ಚು ಶಿಬಿರಗಳಲ್ಲಿ ಸುಮಾರು 58,000 ಜನರಿದ್ದರು. ತೇನಿ, ದಿಂಡಿಗಲ್ಲು ಜಿಲ್ಲೆಗಳಲ್ಲಿಯೂ ಶಿಬಿರಗಳುಂಟು. ಆ ವರ್ಷ ಸರಕಾರವು ಅವುಗಳಿಗೆ ಪುನರ್ವಸತಿ ಶಿಬಿರಗಳೆಂದು ಹೆಸರಿಟ್ಟಿತು. 2022ರಲ್ಲಿ ದಿಂಡಿಗಲ್ಲಿನ ತೋಟ್ಟನೂತ್ತಿನಲ್ಲಿ 321 ಹೊಸ ಮನೆಗಳನ್ನು ಕಟ್ಟಿಸಿಕೊಟ್ಟಿತು. ಒಳ್ಳೆಯ ಕೆಲಸ, ಮೆಚ್ಚತಕ್ಕದ್ದು. ಇವು ಸೆರೆಮನೆಗಳಲ್ಲ. ಆದರೆ ‘ವಿಶೇಷ ಶಿಬಿರ’ ಎಂಬುದು ಬೇರೊಂದು ಬಗೆ. ತಿರುಚಿರಾಪಳ್ಳಿಯಲ್ಲಿ ಅದು ಕೇಂದ್ರ ಕಾರಾಗೃಹದ ಆವರಣದೊಳಗೇ ಇದೆ.

1946ರ ವಿದೇಶೀಯರ ಕಾಯಿದೆಯಲ್ಲಿ ಎರಡು ಬೇರೆಬೇರೆ ಅಧಿಕಾರಗಳಿದ್ದುವು. ಇಂಥ ಸ್ಥಳದಲ್ಲಿ ‘ವಾಸಿಸಬೇಕು’ ಎಂದು ಆಜ್ಞಾಪಿಸುವುದು ಒಂದು. ‘ಬಂಧಿಸಿಡಬೇಕು’ ಎನ್ನುವುದು ಇನ್ನೊಂದು. ವಿಶೇಷ ಶಿಬಿರದ ಆಜ್ಞೆಗಳು ಮೊದಲನೆಯದರಡಿ ಹೊರಟುವು. ಮದರಾಸು ಹೈಕೋರ್ಟು 1995ರಲ್ಲಿ ಕಲಾವತಿಯವರ ಮೊಕದ್ದಮೆಯಲ್ಲಿ ಈ ಅಧಿಕಾರವನ್ನು ಎತ್ತಿಹಿಡಿಯಿತು. ಬೀಗ ಹಾಕಿದ ಬಾಗಿಲ ಹಿಂದಿನ ಇರವನ್ನು ‘ವಾಸ’ವೆಂದು ಕರೆದುಬಿಟ್ಟರೆ ಅಕ್ರಮ ಬಂಧನದ ದಾವೆಗೆ ಬುಡವೇ ಇಲ್ಲವಾಗುತ್ತದೆ. 1882ರಲ್ಲಿ ದೊರೆತನದ ನೆಪವನ್ನು ಒಪ್ಪದಿದ್ದ ನ್ಯಾಯಾಲಯವು ಈ ಮಾತನ್ನೂ ಇನ್ನಷ್ಟು ಕಟುವಾಗಿ ಪರೀಕ್ಷಿಸಬೇಕಾಗಿತ್ತೆಂದು ನನಗೆ ತೋರುತ್ತದೆ. 2022ರ ನವೆಂಬರ್ 11ರಂದು ಸರ್ವೋಚ್ಚ ನ್ಯಾಯಾಲಯವು ರಾಜೀವ ಗಾಂಧಿಯವರ ಕೊಲೆಯ ಮೊಕದ್ದಮೆಯ ಆರು ಮಂದಿಯನ್ನು ಬಿಡಲು ಆಜ್ಞಾಪಿಸಿದಾಗ, ಅವರಲ್ಲಿ ಲಂಕೆಯವರಾದ ನಾಲ್ವರು ಸೆರೆಮನೆಯಿಂದ ನೇರವಾಗಿ ಈ ತಿರುಚಿ ಶಿಬಿರಕ್ಕೆ ಹೋದರು. ಒಬ್ಬರು 2024ರ ಫೆಬ್ರವರಿಯಲ್ಲಿ ಮದರಾಸಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ಉಳಿದವರು ಏಪ್ರಿಲಿನಲ್ಲಿ ಲಂಕೆಗೆ ಹಿಂದಿರುಗಿದರು. ಅವರ ಅಪರಾಧದ ಮಾತು ಬೇರೆ, ಹನೀಫರ ನಿರ್ದೋಷಿತ್ವದ ಮಾತು ಬೇರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿಡುವುದು ನನ್ನ ಉದ್ದೇಶವಲ್ಲ. ಬ್ರಿಸ್ಬೇನಿನ ಬಾಗಿಲೂ ತಿರುಚಿಯ ಬಾಗಿಲೂ ಮುಚ್ಚಿದ ರೀತಿ ಮಾತ್ರ ಒಂದೇ.

ಪರದೇಶಿಯೆಂದು ತಪ್ಪಾಗಿ ಕರೆಸಿಕೊಂಡ ಪ್ರಜೆಗಳ ಗತಿ ಇನ್ನೂ ಕರುಣಾಜನಕ. 1962ರ ಚೀನಾ ಯುದ್ಧದ ಕಾಲಕ್ಕೆ ರಾಜಸ್ಥಾನದ ದೇವಳಿ ಶಿಬಿರದಲ್ಲಿ ಸುಮಾರು 3,000 ಚೀನೀ ಮೂಲದವರನ್ನು ಕೂಡಿಹಾಕಿದರು. ಅವರಲ್ಲಿ ಭಾರತದಲ್ಲೇ ಹುಟ್ಟಿದವರೂ ಇದ್ದರು, ಕೆಲವರು ವರ್ಷಗಟ್ಟಲೆ ಅಲ್ಲಿದ್ದರು. ಅಸ್ಸಾಮಿನಲ್ಲಿ, ಹೆಸರಿನ ಹೋಲಿಕೆಯಿಂದಾಗಿ, ಬೇರೆ ಯಾರಿಗೋ ಹೊರಡಿಸಿದ್ದ ಆಜ್ಞೆಯ ಮೇಲೆ ಮುದುಕಿಯೊಬ್ಬಳನ್ನು 2016ರಲ್ಲಿ ಹಿಡಿದು 2019ರಲ್ಲಿ ಬಿಟ್ಟರು. ಆ ಕಾಯಿದೆಯ 9ನೆಯ ಕಲಮಿನಂತೆ ತಾನು ಪರದೇಶಿಯಲ್ಲವೆಂದು ಸಾಧಿಸುವ ಭಾರ ಹಿಡಿಯಲ್ಪಟ್ಟವನದೇ. 15ನೆಯ ಕಲಮಿನಂತೆ ಸದ್ಭಾವದಿಂದ ಕೆಲಸ ಮಾಡಿದ ಅಧಿಕಾರಿಯ ಮೇಲೆ ದಾವೆ ನಡೆಯದು. 2025ರ ಸೆಪ್ಟೆಂಬರ್ 1ರಿಂದ ಆ ಕಾಯಿದೆ ಹೋಗಿ, ವಲಸೆ ಮತ್ತು ವಿದೇಶೀಯರ ಹೊಸ ಕಾಯಿದೆ ಜಾರಿಗೆ ಬಂದಿದೆ. 2015ರ ಜನವರಿ 9ಕ್ಕೆ ಮುಂಚೆ ಆಶ್ರಯ ಪಡೆದು ಹೆಸರು ಬರೆಸಿಕೊಂಡ ಲಂಕೆಯ ತಮಿಳರಿಗೆ ಅದರ ಕೆಲವು ದಂಡನೆಗಳಿಂದ ವಿನಾಯಿತಿ ದೊರೆತದ್ದು ಸಮಾಧಾನದ ಸಂಗತಿ.

ಇನ್ನು ದಾವೆಯ ದಾರಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ 83ನೆಯ ಕಲಮಿನಂತೆ, ನಮ್ಮೊಡನೆ ಯುದ್ಧದಲ್ಲಿಲ್ಲದ ನಾಡಿನವನು ನಮ್ಮ ಪ್ರಜೆಯಂತೆಯೇ ಇಲ್ಲಿ ದಾವೆ ಹೂಡಬಹುದು. 80ನೆಯ ಕಲಮಿನಂತೆ ಸರಕಾರಕ್ಕೆ ಎರಡು ತಿಂಗಳ ನೋಟೀಸು ಕೊಡಬೇಕು. ಕೇಳುವ ಮೊತ್ತಕ್ಕೆ ತಕ್ಕಂತೆ ನ್ಯಾಯಾಲಯದ ಶುಲ್ಕವನ್ನು ಕಟ್ಟಬೇಕು. ಕಟ್ಟಲಾರದವನು ತನ್ನ ಬಡತನವನ್ನು ಮೊದಲು ರುಜುವಾತು ಪಡಿಸಬೇಕು. ಇದೆಲ್ಲ ಬೇಡವೆಂದರೆ, ಸಂವಿಧಾನದ 226ನೆಯ ವಿಧಿಯಡಿ, ನಮ್ಮ ಎರಡು ಜಿಲ್ಲೆಗಳವರು 2004ರಿಂದ ಮಧುರೆಯಲ್ಲಿರುವ ಹೈಕೋರ್ಟ್ ಪೀಠಕ್ಕೆ ರಿಟ್ ಅರ್ಜಿ ಹಾಕಿಕೊಳ್ಳಬಹುದು. ಆದರೆ ಅಲ್ಲಿ ಪರಿಹಾರ ಕೊಡುವುದೂ ಬಿಡುವುದೂ ಎಷ್ಟೆಂಬುದೂ ನ್ಯಾಯಾಧೀಶರ ವಿವೇಚನೆಗೆ ಬಿಟ್ಟದ್ದು. ದಾವೆಗಾದರೋ ಕಾಲಮಿತಿಯುಂಟು. 1963ರ ಕಾಲಮಿತಿ ಕಾಯಿದೆಯ ಪ್ರಕಾರ, ಅಕ್ರಮ ಬಂಧನದ ಪರಿಹಾರಕ್ಕೆ ಬಂಧನ ಮುಗಿದ ದಿನದಿಂದ ಒಂದೇ ವರ್ಷ. ಪರದೇಶಿಯ ಬಂಧನ ಮುಗಿಯುವ ದಿನವೆಂದರೆ ಬಹುಮಟ್ಟಿಗೆ ಆತನನ್ನು ಹಡಗಿಗೋ ವಿಮಾನಕ್ಕೋ ಹತ್ತಿಸುವ ದಿನವೇ. ಹನೀಫರು ಎರಡೇ ದಿನಗಳಲ್ಲಿ ಬೆಂಗಳೂರಿಗೆ ಬಂದರು. ಅವರ ವಕೀಲರು ಆಸ್ಟ್ರೇಲಿಯದಲ್ಲಿಯೇ ಇದ್ದು ಮೂರು ವರ್ಷ ಮತ್ತು ಐದು ತಿಂಗಳು ಮೊಕದ್ದಮೆಯನ್ನು ಬಿಡದೆ ನಡೆಸಿದರು.